ಆರು ಹಸುಗೆ ಬೀಜದ ಹೋರಿ ಕಟ್ಟೋದಾ ಬೇಡ್ವಾ, ಸಾಕಿರೋರು ವಸಿ ಹೇಳಿ

ನಮ್ದು ಕೆ.ಆರ್.ಪೇಟೆ ಕಡೆ. ಮನೇಲಿ ಆರು ಹಳ್ಳಿಕಾರ್ ಹಸು, ಎರಡು ಕಡಸು ಅವೆ. ಗಬ್ಬಕ್ಕೆ ಇಂಜೆಕ್ಷನ್ ಹಾಕ್ಸಿ ಹಾಕ್ಸಿ ಸಾಕಾಗೋಗದೆ, ಮೂರ್ಮೂರು ಸಲ ಹಾಕ್ಸಿದ್ರೂ ಗಬ್ಬ ನಿಲ್ತಿಲ್ಲ. ಅದ್ಕೆ ಈ ಸಲ ಹೇಮಗಿರಿ ಜಾತ್ರೇಲಿ ಒಂದು ಹೋರಿ ತಂದು ಕಟ್ಟೋಣ ಅಂತ. ಎಷ್ಟು ಹಲ್ಲಿಂದು, ಅಂದ್ರೆ ಎಷ್ಟು ವಯಸ್ಸಿಂದು ತರ್ಬೇಕು, ಏನ್ ನೋಡ್ಬೇಕು, ಹೆಂಗೆ ಸಾಕ್ಬೇಕು ಹೇಳಿ ಅಣ್ಣಂದಿರಾ.

*

ಅಣ್ಣ ನಾನು ಸಾಕಿ ಕೈ ಸುಟ್ಕೊಂಡಿರೋನು, ಅದ್ಕೇ ಉದ್ದ ಆಗ್ತದೆ. ನಮ್ದು ಪಾಂಡವಪುರ ತಾಲ್ಲೂಕು. ಬೇಬಿ ಬೆಟ್ಟದ ಜಾತ್ರೇಲಿ ನಾಲ್ಕು ಹಲ್ಲಿನ ಹೋರಿ ತಂದೆ, ಏನ್ ಕೊಂಬು ಏನ್ ಮೈಕಟ್ಟು, ನೋಡೋಕೇ ಜನ ಬರೋರು. ಮೊದಲ್ನೇ ವರ್ಷ ಕೊಟ್ಟ ಹಸು ಎಲ್ಲಾ ನಿಂತ್ವು. 2022ರಲ್ಲಿ ಚರ್ಮಗಂಟು ರೋಗ ಬಂತಲ್ಲ, ನಮ್ ಹೋರಿಗೂ ಬಂತು, ನಾಲ್ಕೈದು ದಿನ ಸುಡೋ ಜ್ವರ, ಮೈಯೆಲ್ಲಾ ಗಂಟು, ಹೆಂಗೋ ಉಳ್ಕೊಂತು. ತಿಂಗ್ಳಾದ್ಮೇಲೆ ಮೇವು ತಿಂತಾನೆ, ಹಸು ಕಂಡ್ರೆ ಹಗ್ಗ ಎಳೀತಾನೆ, ಸರಿಹೋದ ಅಂದ್ಕೊಂಡು ಹಸುಗೆ ಬಿಟ್ಟೆ. ಐದಕ್ಕೆ ಐದು ಹಸೂನೂ ಇಪ್ಪತ್ತೊಂದು ದಿನಕ್ಕೆ ಗಡಿಯಾರ ಇಟ್ಟಂಗೆ ತಿರ್ಗಾ ಬೆದೆಗೆ ಬಂದ್ವು. ಇನ್ನೊಂದು ಸುತ್ತು ಕೊಟ್ರೂ ಅದೇ ಕತೆ. ಬೀಜ ಹೋಯ್ತು ಬುಡು ಅಂತ ಊರೋರೆಲ್ಲ ಅಂದ್ರು, ನಾನೂ ತಲೆ ಕೆಟ್ಟು ಅರ್ಧ ರೇಟಿಗೆ ತಿ.ನರಸೀಪುರ ಕಡೆಯೋರಿಗೆ ಕೊಟ್ಬುಟ್ಟೆ.

ಆಮೇಲೆ ಡಾಕ್ಟ್ರು ಬೈದ್ರು. ಜೋರು ಜ್ವರ ಬಂದ್ರೆ ಒಳಗೆ ತಯಾರಾಗ್ತಿರೋ ವೀರ್ಯ ಕೆಟ್ಟೋಗ್ತದಂತೆ, ಹೊಸದಾಗಿ ತಯಾರಾಗೋಕೆ ಹತ್ರತ್ರ 60 ದಿನ ಬೇಕು, ಎರಡೂವರೆ ಮೂರು ತಿಂಗಳು ಕಾಯ್ಬೇಕಿತ್ತು ಅಂತ. ಆ ರೋಗದ ವೈರಸ್ಸು ವೀರ್ಯದಲ್ಲೂ ಇರ್ತದಂತೆ, ಅಷ್ಟು ಬೇಗ ಹಸುಗೆ ಬಿಟ್ಟಿದ್ದೇ ತಪ್ಪು. ವರ್ಷ ಕಳೆದ್ಮೇಲೆ ಮುಡುಕುತೊರೆ ಜಾತ್ರೇಲಿ ಆ ಕೊಂಡೋರು ಸಿಕ್ರು, ನಿಮ್ ಹೋರಿ ಚೆನ್ನಾಗೈತೆ ಕಣಪ್ಪಾ, ನಮ್ ಕೇರೀಲೆಲ್ಲ ಅದರ ಕರುನೇ ಅಂದ್ರು. ಟೀ ಕುಡ್ಸಿ ನಕ್ಕೊಂಡು ಕಳಿಸ್ದೆ, ಹೊಟ್ಟೆ ಉರೀತಿತ್ತು.

ಅವತ್ತಿಂದ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಬೇರೆ ಮಡಗಿದೀನಿ, ಗೌರಿಗೆ ಯಾವತ್ತು ಕೊಟ್ಟೆ, ಕೆಂದಿಗೆ ಯಾವತ್ತು, 21 ದಿನಕ್ಕೆ ಒಂದು ಸುತ್ತು ಹಾಕಿರ್ತೀನಿ. ಒಂದು ಹಸು ತಿರುಗಿದ್ರೆ ಆ ಹಸು ನೋಡ್ಬೇಕು, ಎಲ್ಲಾ ತಿರುಗಿದ್ರೆ ಹೋರಿ ನೋಡ್ಬೇಕು, ಇಷ್ಟೇ ಲೆಕ್ಕ.

ಇನ್ನು ಜಾತ್ರೇಲಿ ಎಲ್ರೂ ಮೈಮೇಲಿನ ಕೂದಲ ಸುಳಿ ನೋಡ್ತಾರೆ, ಕೊಂಬು ನೋಡ್ತಾರೆ. ನೋಡಿ, ಬೇಡ ಅನ್ನಲ್ಲ, ನಾಳೆ ಮಾರೋವಾಗ ಬೇಕಾಗ್ತದೆ. ಆದ್ರೆ ಹಿಂದಕ್ಕೆ ಹೋಗಿ ನಿಂತ್ಕೊಳಿ. ಬೀಜ ಎರಡೂ ಸಮ ಇರ್ಬೇಕು, ಒಂದು ಸಣ್ಣದು ಒಂದು ದೊಡ್ಡದಿದ್ರೆ ಬುಟ್ಬುಡಿ. ಹತ್ತೆಜ್ಜೆ ನಡ್ಸಿ, ಹಸು ಹತ್ತುವಾಗ ಭಾರ ಎಲ್ಲಾ ಹಿಂಗಾಲ್ಮೇಲೆ ಬೀಳೋದು, ಗೊರಸು ಕೆಟ್ಟಿದ್ರೆ ಎಂಥಾ ಹೋರಿನೂ ವೇಸ್ಟು. ಎರಡು ಹಲ್ಲು ಬಂದಿದ್ರೆ ಸಾಕು, ಮೊದಮೊದಲು ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಹಸುಗೆ ಬಿಡ್ಬೇಡಿ. ಹತ್ತಿಕಾಳು ಜಾಸ್ತಿ ಹಾಕ್ಬೇಡಿ, ಅದರಲ್ಲಿರೋ ಗಾಸಿಪಾಲ್ ಅನ್ನೋದು ಹೋರಿ ಬೀಜಕ್ಕೆ ಆಗಲ್ಲ. ಬೆಣ್ಣೆ ಮೊಟ್ಟೆ ಹಾಕಿ ಕೊಬ್ಬು ಬರ್ಸೋದೂ ಬೇಡ, ಹೋರಿ ಸೋಂಬೇರಿ ಆಗ್ತದೆ. ದಿನಾ ವಸಿ ಗಾಡಿ ಹೂಡಿ.

*

ಆರು ಹಸುಗೆ ಒಂದು ಹೋರಿ ಅಂದ್ರೆ ವರ್ಷಕ್ಕೆ ಹತ್ತು ಹದಿನೈದು ಸಲ ಕೆಲ್ಸ, ಮಿಕ್ಕಿದ್ ದಿನ ಕಟ್ಟಾಕಿ ಹುಲ್ಲು ಹಾಕೋದು. ಯೋಚ್ನೆ ಮಾಡಿ ಸರ್. ನಾವು ಶ್ರೀರಂಗಪಟ್ಟಣದ ಹತ್ರ ನಾಲ್ಕು ಮನೆಯೋರು ಸೇರಿ ಒಂದು ತಂದ್ವಿ, ಮೇವು ಒಬ್ಬೊಬ್ರು ಮೂರ್ಮೂರು ತಿಂಗಳು. ಇಪ್ಪತ್ತೆರಡು ಹಸು ಆರಾಮಾಗಿ ನಿಭಾಯಿಸ್ತದೆ. ಆದ್ರೆ ಹೊರಗಿನ ಹಸು ಸೇರ್ಸಲ್ಲ ಅಂತ ಮೊದಲೇ ಮಾತಾಯ್ತು. ದುಡ್ಡಿನ ಆಸೆಗೆ ಬಂದಿದ್ದಕ್ಕೆಲ್ಲ ಕೊಟ್ರೆ ಒಂದು ಹಸೂಲಿ ಇದ್ದ ರೋಗ ಹೋರಿ ಮುಖಾಂತ್ರ ಊರಿಗೇ ಹಂಚ್ದಂಗೆ. ತರೋಕೆ ಮುಂಚೆ ಕಂದು ರೋಗಕ್ಕೆ (ಗಬ್ಬ ಕಂದಾಕೋ ಬ್ರುಸೆಲ್ಲೋಸಿಸ್) ರಕ್ತ ಪರೀಕ್ಷೆ ಮಾಡ್ಸಿ, ಅದು ಮನುಷ್ಯರಿಗೂ ಬರ್ತದೆ. ಇನ್ನೊಂದು, ಅದರ ಮಗಳು ಬೆದೆಗೆ ಬರೋ ಹೊತ್ಗೆ ಹೋರಿ ಬದಲಾಗ್ಬೇಕು. ನಾವು ಮೂರನೇ ವರ್ಷ ಹುಣಸೂರು ಕಡೆ ಒಬ್ರ ಹೋರಿ ಜೊತೆ ಅದಲು ಬದಲು ಮಾಡ್ಕೊಂಡ್ವಿ, ಕೈಯಿಂದ ಒಂದ್ ರೂಪಾಯಿ ಹೋಗ್ಲಿಲ್ಲ.

*

ಕಟ್ಟೋದಾದ್ರೆ ಬೇರೆ ಕೊಟ್ಟಿಗೆ, ಮೂಗುದಾರಕ್ಕೆ ಎರಡು ಹಗ್ಗ. ಸಾಧು ಹೋರಿ ಅಂತ ಒಂದೂ ಇಲ್ಲ, ನಮ್ ದೊಡ್ಡಪ್ಪಂಗೆ ಕೈಯಾರೆ ಸಾಕಿದ್ದೇ ತಿವಿದು ಎರಡು ಪಕ್ಕೆಲುಬು ಮುರೀತು.

*

ಮಳವಳ್ಳಿ ಕಡೆಯೋಳು ನಾನು. ನಮ್ಮನೇಲಿ ಹಾಲು ಕರೆಯೋದೂ ನಾನೇ ಬೆದೆ ನೋಡೋದೂ ನಾನೇ. ತಪ್ಪು ತಿಳ್ಕೋಬೇಡಿ ಅಣ್ಣ, ನಿಲ್ದೇ ಇರೋದು ಇಂಜೆಕ್ಷನ್ ತಪ್ಪಾ ಟೈಮ್ ತಪ್ಪಾ ಮೊದ್ಲು ನೋಡಿ. ಹಳ್ಳಿಕಾರ್ ಹಸು ಎಲ್ಲಾ ಸಲನೂ ಊರಿಗೇ ಕೇಳೋ ಹಂಗೆ ಕೂಗಲ್ಲ, ಬಾಲದ ಬುಡದಲ್ಲಿ ಲೋಳೆ ಅಂಟಿರ್ತದೆ ಅಷ್ಟೆ. ಇನ್ನೊಂದು ಹಸು ಮೇಲೆ ಹತ್ತಿದ್ರೆ ಅಲ್ಲಾಡ್ದೆ ನಿಂತ್ಕೊಂತಾ, ಅದು ಸರಿಯಾದ ಬೆದೆ. ಬೆಳಿಗ್ಗೆ ಹಂಗೆ ನಿಂತ್ರೆ ಸಾಯಂಕಾಲ ಕೊಡ್ಸಿ, ಸಾಯಂಕಾಲ ಕಂಡ್ರೆ ಮಾರನೇ ದಿನ ಬೆಳಿಗ್ಗೆ. ಕಂಡ ತಕ್ಷಣ ಡಾಕ್ಟ್ರಿಗೆ ಫೋನ್ ಮಾಡಿ ಗಡಿಬಿಡೀಲಿ ಹಾಕ್ಸಿದ್ರೂ ನಿಲ್ಲಲ್ಲ, ಮೂರನೇ ದಿನ ಹಾಕ್ಸಿದ್ರೂ ನಿಲ್ಲಲ್ಲ. ಹಳ್ಳಿಕಾರ್‌ದೇ ವೀರ್ಯದ ಕಡ್ಡಿ ಬೇಕು ಅಂತ ಮುಂಚೇನೇ ಹೇಳಿಡಿ.

*

ಎಲ್ರಿಗೂ ಥ್ಯಾಂಕ್ಸ್. ಡೇಟು ಇದುವರ್ಗೂ ಬರ್ಕೊಂಡೇ ಇಲ್ಲ ಅಕ್ಕಾ, ಅಲ್ಲೇ ಎಡವಿದೀನಿ ಅನ್ಸುತ್ತೆ. ಪಕ್ಕದೂರಲ್ಲಿ ಒಬ್ರತ್ರ ಹೋರಿ ಅದೆ, ಒಂದ್ಸಲಕ್ಕೆ ಐನೂರು ತಗೋತಾರೆ. ರಕ್ತ ಪರೀಕ್ಷೆ ಮಾಡ್ಸಿದೀರಾ ಅಂತ ಕೇಳಿದ್ರೆ ಬೇಜಾರ್ ಮಾಡ್ಕೊಂಡಾರೇನೋ?

*

ಮಾಡ್ಕೊಳ್ಳಿ ಬುಡಿ. ಮಾಡ್ಸಿರೋರಾದ್ರೆ ಕೇಳೋಕೆ ಮುಂಚೆನೇ ಚೀಟಿ ತೋರಿಸ್ತಾರೆ.