ಲಂಡನ್ನಿನ ‘ಲಯನ್ ಕಿಂಗ್’ ನಾಟಕಕ್ಕೆ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋಗಬಹುದಾ?

ಕೇಳಿದವರು, ರೆಡಿಂಗ್‌ನಿಂದ

ಶಿರಸಿಯಿಂದ ಅಮ್ಮ ಬಂದಿದ್ದಾರೆ. ಮಗಳಿಗೆ ಐದೂವರೆ ವರ್ಷ. ಇಬ್ಬರಿಗೂ ಲೈಸಿಯಂ ಥಿಯೇಟರಿನ ‘ದಿ ಲಯನ್ ಕಿಂಗ್’ ತೋರಿಸುವ ಆಸೆ. ಆದರೆ ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಮೊಣಕಾಲು ನೋವು ಬೇರೆ. ಟಿಕೆಟ್ ದರ ನೋಡಿ ಯಜಮಾನರು, “ಸಿನಿಮಾನೇ ಟೀವಿಯಲ್ಲಿ ಹಾಕಿ ತೋರಿಸು” ಅನ್ನುತ್ತಿದ್ದಾರೆ. ನೋಡಿ ಬಂದವರು ಹೇಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲವಾ? ಎಲ್ಲಿ ಕೂತರೆ ಒಳ್ಳೆಯದು?

ಸ್ಲೌನಿಂದ

ಸಿನಿಮಾ ಬೇರೆ, ಇದು ಬೇರೆ. ಕತೆ 1994ರ ಡಿಸ್ನಿ ಕಾರ್ಟೂನ್ ಸಿನಿಮಾದ್ದೇ, ಆದರೆ ತೋರಿಸುವ ರೀತಿ ಪೂರ್ತಿ ರಂಗದ್ದು. ನಾವು ಕೆಳಗೆ ಸ್ಟಾಲ್ಸ್‌ನಲ್ಲಿ, ಓಡಾಡುವ ದಾರಿಯ ಪಕ್ಕದ ಸೀಟಿನಲ್ಲಿ ಕೂತಿದ್ದೆವು. ಮೊದಲ ಹಾಡಿಗೆ ಪ್ರಾಣಿಗಳು ನಮ್ಮ ಹಿಂದಿನಿಂದಲೇ ಬಂದವು. ನಾಲ್ಕು ಜನ ಒಳಗೆ ನಿಂತು ನಡೆಸುವ ಆನೆ ನನ್ನ ಮಗನ ಭುಜದ ಪಕ್ಕದಲ್ಲೇ ಹೋಯಿತು. ಅವನು ಉಸಿರು ಬಿಡುವುದನ್ನೇ ಮರೆತಿದ್ದ. ಜಿರಾಫೆ ಅಂದರೆ ಕೈಗೂ ಕಾಲಿಗೂ ಮರಗಾಲು ಕಟ್ಟಿಕೊಂಡು ನಡೆಯುವ ಮನುಷ್ಯ!

ಒಂದೇ ಮಾತು: ಅರ್ಧ ಗಂಟೆ ಮೊದಲೇ ಹೋಗಿ ಕೂತುಬಿಡಿ. ಆ ಮೊದಲ ಹಾಡು ತಪ್ಪಿದರೆ ಅರ್ಧ ದುಡ್ಡು ಹೋದ ಹಾಗೆ. ನಮ್ಮ ಸ್ನೇಹಿತರು ಟ್ರೈನು ತಡವಾಗಿ, ಬಾಗಿಲ ಹೊರಗೆ ನಿಂತು ಅದನ್ನು ಬರೀ ಕೇಳಿಸಿಕೊಂಡರು.

ಮಿಲ್ಟನ್ ಕೀನ್ಸ್‌ನಿಂದ

ಸ್ಟಾಲ್ಸ್ ಅಂದ ತಕ್ಷಣ ಯಾವುದೋ ಒಂದು ಸೀಟು ತೆಗೆದುಕೊಳ್ಳಬೇಡಿ. ನಾನು ತೀರಾ ಹಿಂದೆ ಕೂತಿದ್ದೆ. ಮೇಲಿನ ಬಾಲ್ಕನಿ ತಲೆಯ ಮೇಲೆ ಚಾಚಿಕೊಂಡು ವೇದಿಕೆಯ ಮೇಲ್ಭಾಗ ಸರಿಯಾಗಿ ಕಾಣಲಿಲ್ಲ. ಎರಡನೇ ಸಲ ತೀರಾ ಮೇಲೆ, ಗ್ರ್ಯಾಂಡ್ ಸರ್ಕಲ್‌ನಲ್ಲಿ ಕಡಿಮೆ ದರಕ್ಕೆ ಕೂತೆ. ನನ್ನ ಮಟ್ಟಿಗೆ ಅದೇ ಚೆನ್ನ. ಕಾಡೆಮ್ಮೆಯಂಥ ವಿಲ್ಡಬೀಸ್ಟ್‌ಗಳು ನುಗ್ಗಿ ಬರುವ ದೃಶ್ಯವಂತೂ ಮೇಲಿಂದಲೇ ನೋಡಬೇಕು. ಹಿಂದೆ ಉರುಳೆಗಳ ಮೇಲೆ ಪುಟ್ಟ ಪುಟ್ಟ ಎಮ್ಮೆಗಳು ತಿರುಗುತ್ತವೆ, ಮುಂದೆ ಬರುತ್ತಾ ಬರುತ್ತಾ ದೊಡ್ಡದಾಗುತ್ತವೆ, ಕೊನೆಗೆ ಮುಖವಾಡ ಹಿಡಿದ ಕುಣಿತದವರು ಎದುರಿಗೇ ಬಂದುಬಿಡುತ್ತಾರೆ. ಬರಗಾಲ ತೋರಿಸಲು ನೆಲದ ಮೇಲೆ ಹಾಸಿದ ನೀಲಿ ರೇಷ್ಮೆಯನ್ನು ಒಂದು ಸಣ್ಣ ತೂತಿನೊಳಗೆ ಎಳೆದುಕೊಳ್ಳುತ್ತಾರೆ. ಕೆರೆ ಬತ್ತಿತು, ಅಷ್ಟೇ. ಆದರೆ ಮೇಲಕ್ಕೆ ಮೆಟ್ಟಿಲು ಬಹಳ. ನಿಮ್ಮ ಅಮ್ಮನಿಗೆ ಬೇಡವೇ ಬೇಡ. ಬುಕ್ ಮಾಡುವ ಮೊದಲು ಥಿಯೇಟರಿಗೆ ಫೋನ್ ಮಾಡಿ, ಮೆಟ್ಟಿಲು ಕಡಿಮೆ ಇರುವ ಸೀಟು ಕೇಳಿ.

ಕ್ರಾಯ್ಡನ್‌ನಿಂದ

ಭಾಷೆಯ ಚಿಂತೆ ಬಿಡಿ. ನಮ್ಮ ಅತ್ತೆ ಕುಂದಾಪುರದವರು, ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು. ಇಂಟರ್ವಲ್‌ನಲ್ಲಿ ನಾನು ಕತೆ ವಿವರಿಸಲು ಹೋದರೆ, “ನಂಗೆ ಗೊತ್ತಾಯ್ತು, ನೀನು ಐಸ್‌ಕ್ರೀಮ್ ತಗಂಬಾ” ಅಂದರು! ಅಣ್ಣನನ್ನು ಕೊಂದು ಸಿಂಹಾಸನ ಏರುವ ತಮ್ಮ, ಕಾಡು ಸೇರುವ ರಾಜಕುಮಾರ. ಇದಕ್ಕೆ ಇಂಗ್ಲಿಷ್ ಯಾಕೆ ಬೇಕು? ಅಷ್ಟಕ್ಕೂ ಶುರುವಿನ ಕೂಗೇ ಜುಲು ಭಾಷೆಯದು, ದಕ್ಷಿಣ ಆಫ್ರಿಕಾದ ಸಂಗೀತಗಾರ ‘ಲೆಬೊ ಎಂ’ ಕಟ್ಟಿದ್ದು. ಅಲ್ಲಿ ಕೂತಿದ್ದ ಇಂಗ್ಲಿಷರಿಗೂ ಅದು ಅರ್ಥ ಆಗಿರಲಿಕ್ಕಿಲ್ಲ. ಮಾತಿನ ತಮಾಷೆ ಒಂದಿಷ್ಟು ತಪ್ಪುತ್ತದೆ, ಅಷ್ಟೇ.

ನಿರ್ದೇಶಕಿ ಜೂಲಿ ಟೇಮರ್ ಪ್ರಾಯದಲ್ಲಿ ಕೆಲವು ವರ್ಷ ಇಂಡೋನೇಷ್ಯಾದಲ್ಲಿದ್ದು ಗೊಂಬೆಯಾಟ, ಮುಖವಾಡಗಳ ಜೊತೆ ಕೆಲಸ ಮಾಡಿದವರು. ತೊಗಲುಗೊಂಬೆ ನೋಡಿದವರಿಗೆ ಇಲ್ಲಿನ ನೆರಳಾಟ ಹೊಸದು ಅನ್ನಿಸುವುದಿಲ್ಲ. ಮುಖವಾಡ ನಟನ ಮುಖ ಮುಚ್ಚುವುದಿಲ್ಲ, ತಲೆಯ ಮೇಲೆ ಇರುತ್ತದೆ. ಸಿಂಹದ ಮುಖವೂ ಕಾಣುತ್ತದೆ, ಮನುಷ್ಯನ ಮುಖವೂ ಕಾಣುತ್ತದೆ. ರಾಜಸಿಂಹ ಮುಫಾಸಾ ಸತ್ತಾಗ ಸಿಂಹಿಣಿಯರು ಕಣ್ಣಿಂದ ಬಿಳಿ ಪಟ್ಟಿ ಎಳೆಯುತ್ತಾರೆ. ಅದೇ ಕಣ್ಣೀರು. ಅತ್ತೆ ಅತ್ತಿದ್ದು ಅಲ್ಲೇ.

ಲೂಟನ್‌ನಿಂದ

ಮಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮೂರು ವರ್ಷದ ಒಳಗಿನವರನ್ನು ಬಿಡುವುದಿಲ್ಲ, ಆರು ದಾಟಿದವರಿಗೆ ಒಳ್ಳೆಯದು ಅನ್ನುತ್ತಾರೆ. ಐದೂವರೆ ನಡೆಯುತ್ತದೆ, ಆದರೆ ಇಂಟರ್ವಲ್ ಸೇರಿ ಎರಡೂವರೆ ಗಂಟೆ ಕೂರಬೇಕು. ನನ್ನ ಮಗಳು ಕತ್ತೆಕಿರುಬಗಳಿಗೆ ಹೆದರಿ ನನ್ನ ಮಡಿಲೇರಿದಳು. ಕತೆಯಲ್ಲಿ ಮರಿಸಿಂಹದ ಅಪ್ಪ ಸಾಯುವುದನ್ನು ಮನೆಯಲ್ಲೇ ಮೊದಲು ಹೇಳಿಬಿಡಿ. ನಾವು ಹೋಗಿದ್ದು ಬುಧವಾರ ಮಧ್ಯಾಹ್ನದ ಆಟಕ್ಕೆ. ಶನಿವಾರಕ್ಕಿಂತ ಎಷ್ಟೋ ಕಡಿಮೆ ದರ.

ನ್ಯೂಜೆರ್ಸಿಯಿಂದ

ನ್ಯೂಯಾರ್ಕಿನಲ್ಲಿ ಇದು 1997ರಿಂದ, ನಿಮ್ಮಲ್ಲಿ 1999ರಿಂದ ನಡೆಯುತ್ತಿದೆ. ಎಲ್ಲಿಗೂ ಓಡಿಹೋಗುವುದಿಲ್ಲ. ಈ ಸಲ ಒಳ್ಳೆಯ ಸೀಟು ಸಿಗದಿದ್ದರೆ ಅಮ್ಮ ಮುಂದಿನ ಸಲ ಬಂದಾಗ ನೋಡಿ.

ಕ್ರಾಯ್ಡನ್‌ನಿಂದ ಮತ್ತೆ

ಅಯ್ಯೋ, ಅಮ್ಮಂದಿರ ವಿಷಯದಲ್ಲಿ ‘ಮುಂದಿನ ಸಲ’ ಅನ್ನಬೇಡಿ ಮಾರಾಯ್ರೆ. ಮೊಣಕಾಲು ಮುಂದಿನ ಸಲಕ್ಕೆ ಕಾಯುತ್ತದಾ?

ಕೇಳಿದವರು

ಹೋಗಿಬಂದೆವು! ಎಲ್ಲರಿಗೂ ಥ್ಯಾಂಕ್ಸ್. ನಾಲ್ವರಿಗೂ ಸ್ಟಾಲ್ಸ್ ಅಂದರೆ ಕೈ ಸುಡುತ್ತಿತ್ತು. ಅಜ್ಜಿ-ಮೊಮ್ಮಗಳಿಗೆ ಕೆಳಗೆ ದಾರಿ ಪಕ್ಕದ ಎರಡು ಸೀಟು, ನಮಗಿಬ್ಬರಿಗೆ ತೀರಾ ಮೇಲೆ. ಬುಧವಾರವೇ. ಟೀವಿ ಸಾಕು ಅಂದ ಯಜಮಾನರು ಕಾಡೆಮ್ಮೆ ಬಂದಾಗ ಎದ್ದು ನಿಲ್ಲಲು ಹೋಗಿ ಹಿಂದಿನವರಿಂದ ಬೈಸಿಕೊಂಡರು.

ಅಮ್ಮನಿಗೆ ಸಿಂಹಕ್ಕಿಂತ ಜಾಝೂ ಹಕ್ಕಿಯೇ ಹಿಡಿಸಿತು, ಅದನ್ನು ಕೈಯಲ್ಲಿ ಹಿಡಿದು ಆಡಿಸುವವನ ಸಮೇತ. “ಹಕ್ಕಿಗಿಂತ ಅವನೇ ಚೆಂದ ಹೆದರ್ತಿದ್ದ” ಅಂದರು. ಮಗಳು ಹೆದರಲಿಲ್ಲ. ಈಗ ಮನೆಯಲ್ಲಿ ಟಾಯ್ಲೆಟ್ ಪೇಪರ್ ಒಂದು ರೋಲೂ ಉಳಿದಿಲ್ಲ. ಬೈದರೆ ಸಾಕು, ಕಣ್ಣ ಹತ್ತಿರ ಹಿಡಿದುಕೊಂಡು ಉದ್ದಕ್ಕೆ ಎಳೆಯುತ್ತಾಳೆ.