ಸೀವಾರ್ಡ್‌ನಿಂದ ಹಿಮನದಿ, ತಿಮಿಂಗಿಲ ನೋಡುವ ದೋಣಿಯಾನ: ಆರು ಗಂಟೆಯದೋ, ಎಂಟೂವರೆ ಗಂಟೆಯದೋ?

ಪ್ರಶ್ನೆ: ಸಿಯಾಟಲ್ ವಾಸಿ

ಜುಲೈಯಲ್ಲಿ ಶಿವಮೊಗ್ಗದಿಂದ ಬರಲಿರುವ ತಂದೆತಾಯಿಯರನ್ನು ಅಲಾಸ್ಕಾದ ಕೀನಾಯ್ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಸೀವಾರ್ಡ್ ಬಂದರಿನಿಂದ ಅರ್ಧ ದಿನದ, ಆರು ಗಂಟೆಯ ಮತ್ತು ಎಂಟೂವರೆ ಗಂಟೆಯ ದೋಣಿಯಾನಗಳಿವೆ. ತಂದೆಯವರಿಗೆ 71 ವರ್ಷ, ಅವರಿಗೆ ತೊಂದರೆಯಿಲ್ಲ. ತಾಯಿಯವರಿಗೆ ಆಗುಂಬೆ ಘಾಟಿಯಲ್ಲೇ ವಾಂತಿಯಾಗುತ್ತದೆ. ಯಾವುದನ್ನು ಆರಿಸಿಕೊಳ್ಳುವುದು ಸೂಕ್ತ?

ಉತ್ತರ 1: ಎರಡು ಬಾರಿ ಹೋಗಿಬಂದವನು

ಅರ್ಧ ದಿನದ ಯಾನ ರೆಸರೆಕ್ಷನ್ ಕೊಲ್ಲಿಯೊಳಗೇ ಸುತ್ತಾಡಿ ಮರಳುತ್ತದೆ. ಕಡಲಿಗೆ ಇಳಿಯುವ ಹಿಮನದಿಯ ಬುಡಕ್ಕೆ ಅದು ತಲುಪುವುದಿಲ್ಲ. ಆರು ಗಂಟೆಯ ದೋಣಿಗಳು ಸಾಮಾನ್ಯವಾಗಿ ಹೋಲ್ಗೇಟ್ ಅಥವಾ ಐಯಾಲಿಕ್ ಹಿಮನದಿಯವರೆಗೆ ಹೋಗುತ್ತವೆ, ಎಂಟೂವರೆ ಗಂಟೆಯವು ಇನ್ನೂ ಆಚೆಗಿರುವ ನಾರ್ತ್‌ವೆಸ್ಟರ್ನ್ ಫ್ಯೋರ್ಡಿಗೆ (ಫ್ಯೋರ್ಡ್ ಎಂದರೆ ಹಿಮನದಿ ಕೊರೆದ ಕಿರಿದಾದ ಕಡಲ ಚಾಚು). ಈ ಹಿಮನದಿಗಳೆಲ್ಲ ಸುಮಾರು 1,800 ಚದರ ಕಿಲೋಮೀಟರ್ ಹರಡಿರುವ ಹಾರ್ಡಿಂಗ್ ಹಿಮಕ್ಷೇತ್ರದಿಂದ ಇಳಿದುಬಂದವು.

ಹಿಮನದಿಯೆದುರು ಎಂಜಿನ್ ನಿಲ್ಲಿಸಿದಾಗ, ಸುತ್ತ ತೇಲುವ ಮಂಜುಗಡ್ಡೆಗಳಲ್ಲಿ ಬಹುಕಾಲದಿಂದ ಒತ್ತಡದಲ್ಲಿ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆಗಳು ಒಡೆಯುವ ಚಟಪಟ ಸದ್ದು, ಒಗ್ಗರಣೆಯ ಸಾಸಿವೆ ಸಿಡಿದಂತೆ ಕೇಳುತ್ತದೆ. ಹಿಮದ ಗೋಡೆಯಿಂದ ದೊಡ್ಡ ತುಂಡೊಂದು ಕಳಚಿ ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ, ಗುಡುಗು ಆಮೇಲೆ ಬರುತ್ತದೆ. ಸದ್ದು ಕೇಳಿದ ಮೇಲೆ ಕ್ಯಾಮೆರಾ ಎತ್ತಿದರೆ ನೀರಿನ ತೆರೆ ಮಾತ್ರ ಸಿಗುತ್ತದೆ. ಮೊದಲ ಬಾರಿ ನನಗೆ ಸಿಕ್ಕಿದ್ದೂ ಅಷ್ಟೇ.

ಕೊಲ್ಲಿಯನ್ನು ದಾಟಿ ಐಯಾಲಿಕ್ ಭೂಶಿರವನ್ನು ಸುತ್ತುವಾಗ ಅಲಾಸ್ಕಾ ಖಾರಿಯ ತೆರೆದ ಕಡಲು ದೋಣಿಯನ್ನು ತೂಗುತ್ತದೆ, ಮರಳುವಾಗಲೂ ಅದೇ ದಾರಿ. ಆದ್ದರಿಂದ ತಾಯಿಯವರಿಗೆ ಆರು ಗಂಟೆಯದೇ ಸಾಕು.

ಉತ್ತರ 2: ಆಂಕರೇಜ್‌ನಿಂದ

ನನ್ನ ಅಭಿಪ್ರಾಯ ಬೇರೆ. ವಾಂತಿಯ ಭಯವಿದ್ದವರು ವಿಟ್ಟಿಯರ್ ಎಂಬ ಇನ್ನೊಂದು ಬಂದರೂರಿನಿಂದ ಹೊರಡುವ, ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕಡಲ ಕೊಲ್ಲಿಯ ಯಾನವನ್ನು ಪರಿಗಣಿಸಬೇಕು. ಸುತ್ತಲೂ ಬೆಟ್ಟ ಮತ್ತು ದ್ವೀಪಗಳಿರುವುದರಿಂದ ಅಲ್ಲಿಯ ನೀರು ಬಹುತೇಕ ಶಾಂತ. ಹಿಮನದಿಗಳಿಗೆ ಕೊರತೆಯಿಲ್ಲ, ಕಡಲ ನೀರುನಾಯಿಗಳೂ ಕಾಣಸಿಗುತ್ತವೆ, ಆದರೆ ತಿಮಿಂಗಿಲ ಕಾಣುವ ಸಂಭವ ಸೀವಾರ್ಡ್‌ಗಿಂತ ಕಡಿಮೆ. ವಿಟ್ಟಿಯರ್‌ಗೆ ಹೋಗುವ ಸುಮಾರು 4 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಕಾರಿಗೂ ರೈಲಿಗೂ ಒಂದೇ ದಾರಿಯಾದ್ದರಿಂದ, ಒಂದೊಂದು ದಿಕ್ಕಿನವರನ್ನು ಸರದಿಯ ಪ್ರಕಾರ ಬಿಡುತ್ತಾರೆ. ನಿಮ್ಮ ಸರದಿ ತಪ್ಪಿದರೆ ದೋಣಿಯೂ ತಪ್ಪೀತು.

ಉತ್ತರ 3: ಪಕ್ಷಿವೀಕ್ಷಕಿ

ಸೀವಾರ್ಡ್ ಬಿಟ್ಟರೆ ಚಿಸ್ವೆಲ್ ದ್ವೀಪಗಳು ತಪ್ಪುತ್ತವೆ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ! ಅಲ್ಲಿನ ಬಂಡೆಗಳ ಮೇಲೆ ಸ್ಟೆಲ್ಲರ್ ಕಡಲಸಿಂಹಗಳು ಮರಿ ಹಾಕುತ್ತವೆ. ಕಡಿದಾದ ಬಂಡೆಗಳಲ್ಲಿ ಪಫಿನ್ ಹಕ್ಕಿಗಳ ಗೂಡುಗಳಿವೆ. ಕಣ್ಣಿನ ಹಿಂದಿನಿಂದ ಹಳದಿ ಜುಟ್ಟು ಇಳಿಬಿಟ್ಟ ಜಾತಿಯೂ, ಕಣ್ಣಿನ ಮೇಲೆ ಚಿಕ್ಕ ಕೊಂಬಿನಂಥದ್ದಿರುವ ಜಾತಿಯೂ ಒಟ್ಟಿಗೆ ಸಿಗುವ ಜಾಗವದು. ಇವು ನೀರೊಳಗೆ ರೆಕ್ಕೆ ಬಡಿದೇ ಈಜುತ್ತವೆ. ಬೇಸಿಗೆ ಮುಗಿದರೆ ಹೊರಗಡಲಿಗೆ ಹೋಗಿಬಿಡುತ್ತವೆ, ಜುಲೈ ಪ್ರಶಸ್ತವಾದ ಕಾಲ.

ಬೂದು ತಿಮಿಂಗಿಲಗಳ ವಲಸೆ ವಸಂತದಲ್ಲೇ ಮುಗಿದಿರುತ್ತದೆ. ನಿಮಗೆ ಕಾಣಬಹುದಾದದ್ದು ಹಂಪ್‌ಬ್ಯಾಕ್ ಮತ್ತು ಓರ್ಕಾ. ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ ಎಂಬ ನಿಯಮವಿರುವುದರಿಂದ ದುರ್ಬೀನು ಇರಲಿ.

ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ, ದೋಣಿ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಕೊಡಿ. ತಲೆಸುತ್ತು ಬಂದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಕೆಳಗಿನ ಡೆಕ್ಕಿನ ನಡುಭಾಗದಲ್ಲಿ ಕೂರಿಸಿ, ದಿಗಂತವನ್ನು ನೋಡುತ್ತಿರಲು ಹೇಳಿ. ಜುಲೈಯಾದರೂ ಹಿಮನದಿಯೆದುರಿನ ಗಾಳಿಗೆ ಉಣ್ಣೆಯ ಟೋಪಿ ಬೇಕೇ ಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಾಯಿಯವರಿಗೆ ಇದನ್ನೆಲ್ಲ ಓದಿ ಹೇಳಿದೆ. "ವಾಂತಿಯಾಗುತ್ತದೆಂದು ನಾನು ಯಾವತ್ತಾದರೂ ಆಗುಂಬೆಯ ಸೂರ್ಯಾಸ್ತ ಬಿಟ್ಟಿದ್ದೇನೆಯೇ?" ಎಂದು ಅವರೇ ಕೇಳಿದರು. ಸೀವಾರ್ಡ್‌ನ ಆರು ಗಂಟೆಯ ಯಾನಕ್ಕೆ ಮೂರು ಟಿಕೆಟ್ ಕಾಯ್ದಿರಿಸಿದ್ದೇನೆ.