ಏಳು ವರ್ಷದಿಂದ ಬೆಂಗಳೂರಲ್ಲಿದ್ದೇನೆ, ಮದುವೆಗೆ ಪತ್ರ ಕೊಡಬೇಕಾದ ಫಾದರ್ ಯಾರು?

ಹಾಸನದ ಹುಡುಗ:
ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ, ಕ್ಯಾಥೊಲಿಕ್ ಮನೆ. ಏಳು ವರ್ಷದಿಂದ ಬೆಂಗಳೂರಲ್ಲಿ ಕೆಲಸ, ಬಾಡಿಗೆ ಮನೆ. ಭಾನುವಾರದ ಪೂಜೆ ತಪ್ಪಿಸಿದ್ದು ಕಡಿಮೆ, ಆದರೆ ಒಂದೇ ಚರ್ಚ್ ಅಂತ ಇಲ್ಲ. ಬೇಗ ಎದ್ದರೆ ಕನ್ನಡ ಪೂಜೆ, ಮಲಗಿಬಿಟ್ಟರೆ ಸಂಜೆಯ ಇಂಗ್ಲಿಷ್ ಪೂಜೆ, ಗಾಡಿ ನಿಲ್ಲಿಸೋಕೆ ಎಲ್ಲಿ ಜಾಗ ಸಿಗುತ್ತೋ ಅಲ್ಲಿ. ಈಗ ಮದುವೆ ನಿಶ್ಚಯ ಆಗಿದೆ. ಹುಡುಗಿ ಮಂಗಳೂರಿನವರು, ಮದುವೆ ಅವರ ಇಗರ್ಜಿಯಲ್ಲೇ. ಅಲ್ಲಿನ ಫಾದರ್ "ನಿಮ್ಮ ಚರ್ಚಿನಿಂದ ಪತ್ರ ತನ್ನಿ" ಅಂದಿದ್ದಾರೆ. ಊರಿನ ಫಾದರಿಗೆ ಫೋನ್ ಮಾಡಿದರೆ "ನೀನು ಇಲ್ಲಿಲ್ಲವಲ್ಲಪ್ಪ, ಅಲ್ಲೇ ತಗೋ" ಅಂದರು. ಇಲ್ಲಿ ಜಾಸ್ತಿ ಹೋಗುವ ಚರ್ಚಿನಲ್ಲಿ ಕೇಳಿದರೆ "ನಿಮ್ಮ ಹೆಸರೇ ನಮ್ಮ ಪುಸ್ತಕದಲ್ಲಿ ಇಲ್ಲ." ಯಾವ ಚರ್ಚಿಗೂ ಸೇರದವನಾಗಿಬಿಟ್ಟೆನಾ?

ಆಫೀಸ್ ಮೇಜು:
ನಾನು ಭಾನುವಾರ ನಮ್ಮ ಚರ್ಚ್ ಆಫೀಸಿನಲ್ಲಿ ಕೂರುತ್ತೇನೆ, ಇಂಥವರು ಬರುತ್ತಲೇ ಇರುತ್ತಾರೆ. ನೀವು ಹೋಗುವ ಚರ್ಚ್ ಬೇರೆ, ನಿಮ್ಮ ಚರ್ಚ್ ಬೇರೆ. ಬಾಡಿಗೆ ಮನೆ ಯಾವ ಧರ್ಮಕೇಂದ್ರದ (ಒಂದು ಚರ್ಚಿಗೆ ಸೇರಿದ ಪ್ರದೇಶ) ಗಡಿಯೊಳಗೆ ಬರುತ್ತೋ ಅಲ್ಲಿನ ಫಾದರೇ ನಿಮ್ಮ ಫಾದರ್. 1983ರ ಚರ್ಚ್ ಕಾನೂನಿನ ಪ್ರಕಾರ ಮೂರು ತಿಂಗಳು ವಾಸ ಇದ್ದರೂ ಅಲ್ಲಿನವರೇ, ಮದುವೆಯ ಮಟ್ಟಿಗೆ ಒಂದು ತಿಂಗಳಿದ್ದರೂ ಸಾಕು. ನೀವು ಏಳು ವರ್ಷ ಇದ್ದೀರಿ! ನಾಳೆಯೇ ಹೋಗಿ ಹೆಸರು ಬರೆಸಿ.

ಇನ್ನೊಂದು ವಿಷಯ. ಊರಿನ ಫಾದರ್ ಹೇಳಿದ್ದು ಅರ್ಧ ಮಾತ್ರ ಸರಿ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪತ್ರ ಎಲ್ಲಿ ಸ್ನಾನ ಆಯಿತೋ ಅಲ್ಲಿಂದಲೇ ಬರಬೇಕು. ಅಮ್ಮನ ಬೀರುವಿನಲ್ಲಿರುವ ಹಳೇ ಪ್ರತಿ ನಡೆಯಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗಿನ ಹೊಸ ಪ್ರತಿ ಕೇಳುತ್ತಾರೆ. ಯಾಕೆ ಅಂದರೆ ಮದುವೆ ಎಲ್ಲೇ ಆಗಲಿ, ಅದರ ಸುದ್ದಿ ಸ್ನಾನದ ಪುಸ್ತಕಕ್ಕೆ ವಾಪಸ್ ಹೋಗುತ್ತದೆ, ನಿಮ್ಮ ಹೆಸರಿನ ಪಕ್ಕದಲ್ಲೇ ಯಾರ ಜೊತೆ, ಎಲ್ಲಿ, ಯಾವತ್ತು ಅಂತ ಬರೆಯುತ್ತಾರೆ. ಆ ಜಾಗ ಖಾಲಿ ಇದೆ ಅಂದರೆ ನಿಮಗೆ ಮೊದಲೇ ಮದುವೆ ಆಗಿಲ್ಲ ಅಂತ. ಫಾದರಿಗೆ ನಿಮ್ಮ ಭಕ್ತಿ ಅಲ್ಲ, ಅದು ಬೇಕು.

ಸಿಟ್ಟಿನ ಸಿಪಾಯಿ:
ಕಾನೂನು ಚೆನ್ನಾಗಿದೆ. ನನಗೆ ಮಾತ್ರ ಒಂದು ಕಡೆ ಮೂರು ವರ್ಷದ ವಂತಿಗೆ ಬಾಕಿ ಕಟ್ಟಿದ ಮೇಲೇ ಪತ್ರ ಕೊಟ್ಟಿದ್ದು. ರಸೀದಿ ಕೊಟ್ಟರು, ಅದೊಂದು ಪುಣ್ಯ.

ಆಫೀಸ್ ಮೇಜು:
ವಂತಿಗೆ ಕೇಳೋದು ತಪ್ಪಲ್ಲ, ಕರೆಂಟ್ ಬಿಲ್ಲು, ಗಂಟೆ ಹೊಡೆಯುವವರ ಸಂಬಳ ಎಲ್ಲ ಅದರಿಂದಲೇ. ಆದರೆ ಹಣ ಇಲ್ಲ ಅಂತ ಬಡವರಿಗೆ ಸಂಸ್ಕಾರ ತಪ್ಪಬಾರದು ಅಂತ ಅದೇ ಕಾನೂನಿನಲ್ಲಿದೆ. ಕೌಂಟರಿನಲ್ಲಿ ಜಗಳ ಬೇಡ, ನೇರ ಫಾದರ್ ಹತ್ತಿರ ಕೂತು ಮಾತಾಡಿ.

ಕುಡ್ಲದ ಬಾಯಿ:
ನಮ್ಮ ಮಂಗಳೂರು ಕಡೆ ಈ ತಲೆನೋವು ಕಡಿಮೆ ಮಾರಾಯ್ರೆ. ಇಗರ್ಜಿಯನ್ನು ವಾರ್ಡ್ ವಾರ್ಡ್ ಮಾಡಿರುತ್ತಾರೆ, ವಾರ್ಡಿಗೊಬ್ಬ ಗುರಿಕಾರ, ಅಂದರೆ ಮುಖಂಡ. ಯಾರ ಮನೆಯಲ್ಲಿ ಯಾರು ದುಬೈಗೆ ಹೋದರು ಅನ್ನೋದೂ ಅವರಿಗೆ ಗೊತ್ತು (ಬೇಡ ಅಂದರೂ). ಫಾದರ್ ಕೆಲವು ವರ್ಷಕ್ಕೆ ವರ್ಗ ಆಗಿ ಹೋಗುತ್ತಾರೆ, ಗುರಿಕಾರ ಅಲ್ಲೇ ಇರುತ್ತಾನೆ. ಪೇಟೆಯಲ್ಲಿ ಎರಡು ಸಾವಿರ ಜನರ ನಡುವೆ ಹಿಂದಿನ ಬೆಂಚಿನಲ್ಲಿ ಕೂತು, ಪರಮಪ್ರಸಾದ ತಗೊಂಡು ಹಾಗೇ ಬೈಕ್ ಹತ್ತಿದರೆ ನಿಮ್ಮ ಗುರುತು ಯಾರಿಗೆ ಸಿಗಬೇಕು? ಮದುವೆ ತಯಾರಿ ಶಿಬಿರ ಮರೆಯಬೇಡಿ, ಅದರ ಸರ್ಟಿಫಿಕೇಟೂ ಕೇಳುತ್ತಾರೆ.

ಹಾಸನದ ಹುಡುಗ:
ಹೋಗಿ ಬಂದೆ. ನನ್ನ ಧರ್ಮಕೇಂದ್ರ ಮನೆಯಿಂದ ಒಂದೇ ಕಿಲೋಮೀಟರ್, ನಾನು ಅಲ್ಲಿಗೆ ಒಂದು ಸಲವೂ ಹೋಗಿಲ್ಲ. ಫಾದರ್ ಬಾಡಿಗೆ ಕರಾರು ನೋಡಿ ಹೆಸರು ಬರೆದುಕೊಂಡರು. ಮದುವೆಗೆ ಯಾರದಾದರೂ ಅಡ್ಡಿ ಇದ್ದರೆ ಹೇಳಲಿ ಅಂತ ಮುಂದಿನ ಭಾನುವಾರದಿಂದ ಮೂರು ವಾರ ಪೂಜೆಯಲ್ಲಿ ಹೆಸರು ಕೂಗುತ್ತಾರಂತೆ. "ಕೂಗೋ ದಿನವಾದ್ರೂ ಬಾ, ಯಾರು ಅಂತ ಜನ ನೋಡಲಿ" ಅಂದರು. ಏಳು ಗಂಟೆ ಪೂಜೆ. ಅಲಾರಂ ಇಟ್ಟಿದ್ದೇನೆ.